ಜೇಬಿನಲ್ಲಿದ್ದ ಸೂರ್ಯ

ಸೂರ್ಯನನ್ನು ನಾನು ಕೆಲವು ವಾರಗಳ ಕಾಲ ಅಂಗಿಯ ಎಡಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ಎದೆ ಸುಟ್ಟುಹೋಗಲಿಲ್ಲವೇ ಎಂದು ಕೇಳಬೇಡಿ. ಆ ಜೇಬಿಗೆ ಒಳಪದರ ಕೊಟ್ಟು ಹೊಲಿದವಳು ನನ್ನ ಹೆಂಡತಿ. ಅವಳು ಹೊಲಿದ ಜೇಬು ಸೂರ್ಯನನ್ನಷ್ಟೇ ಅಲ್ಲ, ಸೂರ್ಯನ ಅಜ್ಜನನ್ನೂ ತಡೆದುಕೊಳ್ಳುತ್ತದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರ ಮೊಣಕೈಯಾದರೂ ತಗುಲೀತೆಂದು ಅಂಗೈ ಅಡ್ಡ ಹಿಡಿದು ನಿಲ್ಲುತ್ತಿದ್ದೆ, ಅಷ್ಟೇ ಕಷ್ಟ. ಭೂಮಿ ಯಾವಾಗ ತಳಮಳಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬುದೆಲ್ಲ ಆಗ ನನ್ನ ಕೈಯಲ್ಲಿತ್ತು. ನಾನು ಜೋರಾಗಿ ಉಸಿರೆಳೆದರೆ ಉತ್ತರ ಧ್ರುವದ ದಿಕ್ಸೂಚಿಗಳು ಬೆಚ್ಚಿ ಬೀಳುತ್ತಿದ್ದವು. ನಮ್ಮ ಆಫೀಸಿನಲ್ಲಿ ಇದನ್ನು ನಂಬುವವರು ಒಬ್ಬರೂ ಇಲ್ಲ. ಅಲ್ಲಿ ನನಗೆ ಸೂರ್ಯನ ಅಳಿಯ ಎಂದು ಹೆಸರು. ಬೆಳಿಗ್ಗೆ ಕಾಲಿಟ್ಟರೆ ಸಾಕು, ಗೇಟಿನವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ, "ಏನಪ್ಪಾ, ಮಾವನ ಮನೇಲಿ ಎಲ್ಲಾ ಸೌಖ್ಯಾನಾ?" ಎಂದು ಕೇಳುವವರೇ. "ಮಾವನಿಗೆ ಸ್ವಲ್ಪ ಪಿತ್ತ ಏರಿದೆ, ನಾನು ಮಾತಾಡಿ ಇಳಿಸ್ತೀನಿ" ಎಂದು ನಾನೂ ಬಿಡದೆ ಹೇಳುತ್ತಿದ್ದೆ.

ನಮ್ಮದು ಭೂಮಿಯ ಕಾಂತಶಕ್ತಿಯನ್ನು ಅಳೆಯುವ ಕಚೇರಿ. ಊರಾಚೆ ಒಂದು ಬೇಲಿ, ಬೇಲಿಯೊಳಗೆ ಬರೀ ಹುಲ್ಲು, ಹುಲ್ಲಿನ ನಡುವೆ ಕಲ್ಲಿನ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ಹುಡುಕಿದರೂ ಒಂದು ಚೂರು ಕಬ್ಬಿಣ ಸಿಗದು. ಕಬ್ಬಿಣವಿದ್ದರೆ ಅಳತೆ ಕೆಡುತ್ತದೆಂದು ಬಾಗಿಲಿಗೆ ಹಿತ್ತಾಳೆಯ ತಿರುಗಣಿ, ಮಾಡಿಗೆ ತಾಮ್ರದ ಮೊಳೆ. ನೆಲದಡಿಯ ಇನ್ನೊಂದು ಕೋಣೆಯಲ್ಲಿ ಒಂದು ಯಂತ್ರ ಹಗಲೂ ರಾತ್ರಿ ತಾನಾಗಿಯೇ ಅಳೆಯುತ್ತಿರುತ್ತದೆ. ಆದರೆ ಯಂತ್ರಕ್ಕೂ ವಯಸ್ಸಾಗುತ್ತದೆ, ಭ್ರಮೆ ಹಿಡಿಯುತ್ತದೆ. ಅದಕ್ಕೆ ವಾರಕ್ಕೊಮ್ಮೆ, ಗುರುವಾರ, ಒಬ್ಬ ಮನುಷ್ಯ ಕಲ್ಲಿನ ಕೋಣೆಗೆ ಹೋಗಿ ಕೈಯಾರೆ ಅಳೆದು, ನೀನು ಹೇಳುತ್ತಿರುವುದು ಸರಿ ಎಂದು ಅದಕ್ಕೆ ಧೈರ್ಯ ಕೊಡಬೇಕು. ಆ ಮನುಷ್ಯ ನಾನು. ನಾನು ಅಳೆಯದಿದ್ದರೆ ಭೂಮಿಗೆ ತನ್ನ ಉತ್ತರ ಯಾವ ಕಡೆ ಎಂಬುದೇ ಮರೆತುಹೋಗುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳಿದ್ದೆ. ಅವಳು ತೋರುಬೆರಳನ್ನೂ ನಡುಬೆರಳನ್ನೂ ಕತ್ತರಿಯ ಹಾಗೆ ಗಾಳಿಯಲ್ಲಿ ಒಮ್ಮೆ ಆಡಿಸಿ, ಮತ್ತೆ ಹೊಲಿಗೆಗೆ ಬಗ್ಗಿದಳು. ಅವಳು ದರ್ಜಿ. ನಾನು ಹೇಳಿದ್ದರಲ್ಲಿ ಅರ್ಧ ಕತ್ತರಿಸಿ ಹಾಕಿ ಉಳಿದರ್ಧವನ್ನು ನಂಬುವುದು ಅಂದಿನಿಂದ ಅವಳ ಪದ್ಧತಿ. ಅದು ಗೊತ್ತಾದ ಮೇಲೆ ನಾನು ಎರಡರಷ್ಟು ಹೇಳತೊಡಗಿದೆ. ಅವಳು ಮುಕ್ಕಾಲು ಕತ್ತರಿಸತೊಡಗಿದಳು. ಸಂಸಾರ ಸರಿಯಾದ ಅಳತೆಗೆ ಬಂದು ನಿಂತಿತು.

ಸೂರ್ಯ ಜೇಬಿನಲ್ಲಿದ್ದ ಕೊನೆಯ ಗುರುವಾರ ಬೆಳಿಗ್ಗೆಯೂ ಚಪ್ಪಲಿ ಮೆಟ್ಟಿ, ಹೊಸಿಲ ಬಳಿ ಎರಡೂ ಕೈ ಅಗಲಿಸಿ ನಿಂತುಬಿಟ್ಟೆ. ನಿಂತ ಮೇಲೆ ನೆನಪಾಯಿತು, ಯಾರೂ ಬರುವುದಿಲ್ಲ. ಎದುರು ಮನೆಯ ಮುದುಕ ಹಲ್ಲುಜ್ಜುತ್ತಾ ನನ್ನನ್ನೇ ನೋಡುತ್ತಿದ್ದ. ಮೈ ಮುರಿಯುವವನ ಹಾಗೆ ಕೈಯನ್ನು ಇನ್ನಷ್ಟು ಹಿಂದಕ್ಕೆ ಎಳೆದು ಆಕಳಿಸಿದೆ. ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೆಂಡತಿಯ ಅಂಗಡಿ. ಅಲ್ಲಿ ನೆಲದ ಮೇಲಿರುವಷ್ಟು ಗುಂಡುಸೂಜಿ ಆಕಾಶದಲ್ಲಿ ನಕ್ಷತ್ರವಿಲ್ಲ. ಮೈಮೇಲೆ ಸಾಸಿವೆಯಷ್ಟೂ ಕಬ್ಬಿಣ ಇರಬಾರದ ಗಂಡಸು ಕಬ್ಬಿಣದಿಂದಲೇ ಅನ್ನ ಸಂಪಾದಿಸುವ ಹೆಂಗಸನ್ನು ಕಟ್ಟಿಕೊಂಡ. ಮೊದಲ ತಿಂಗಳಲ್ಲೇ ನನ್ನ ಕಾಲರಿನಲ್ಲಿ ಒಂದು ಗುಂಡುಸೂಜಿ ಉಳಿದುಹೋಗಿ, ಆಫೀಸಿನ ಆಗಿನ ದೊಡ್ಡವರು ನನ್ನನ್ನು ಎಲ್ಲರೆದುರು ಕೋಣೆಯಿಂದ ಹೊರಗೆ ಕಳಿಸಿ ಹುಲ್ಲಿನ ಮೇಲೆ ನಿಲ್ಲಿಸಿದ್ದರು, ಪಾಠ ಬಾರದ ಹುಡುಗನನ್ನು ನಿಲ್ಲಿಸಿದ ಹಾಗೆ. ಮನೆಗೆ ಬಂದು, ಒಂದು ಗುಂಡುಸೂಜಿಯಿಂದ ಮೂರು ಖಂಡಗಳಲ್ಲಿ ಹಡಗುಗಳು ದಾರಿ ತಪ್ಪಿದವು ಎಂದೆ. ಅವಳು ಬೆರಳು ಆಡಿಸಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ಮಾರನೇ ದಿನ ನಾನು ಹೊರಡುವಾಗ, ನೆಲಕ್ಕೆ ಬಿದ್ದ ಸೂಜಿಗಳನ್ನು ಹೆಕ್ಕಲು ಇಟ್ಟುಕೊಂಡಿದ್ದ ಲಾಳದಾಕಾರದ ದೊಡ್ಡ ಅಯಸ್ಕಾಂತವನ್ನು ತಂದು ನನ್ನ ಭುಜ, ಕಾಲರು, ತೋಳಿನ ಮಡಿಕೆ, ಅಂಗಿಯ ಅಂಚು ಎಲ್ಲದರ ಮೇಲೂ ನಿಧಾನವಾಗಿ ಓಡಿಸಿದಳು. "ಕೈ ಎತ್ತಿ. ತಿರುಗಿ. ಹ್ಞೂಂ, ಹೋಗಿ." ಆಮೇಲೆ ನನ್ನ ಅಂಗಿಗಳಿಗೆಲ್ಲ ಮರದ ಗುಂಡಿ ಬಂತು, ಪ್ಯಾಂಟಿನ ಜಿಪ್ಪು ಹೋಗಿ ಲಾಡಿ ಬಂತು. ಜಗತ್ತಿನಲ್ಲಿ ಪೂರ್ತಿ ಕಬ್ಬಿಣರಹಿತನಾದ ಏಕೈಕ ಗಂಡಸು ನಾನು ಎಂದು ಮದುವೆಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಲಾಡಿ ಗಂಟು ಬಿದ್ದಾಗ ಆದ ಅವಮಾನಗಳನ್ನು ಹೇಳಿಕೊಳ್ಳಲಿಲ್ಲ. ಆ ಗುರುವಾರ ಬೆಳಿಗ್ಗೆ ಹೊಲಿಗೆ ಮಷೀನಿನ ಮೇಲೆ ಹೊದಿಸಿದ್ದ ಬಟ್ಟೆಯ ಮಡಿಕೆಗಳಲ್ಲಿ ಧೂಳು ಕೂತಿತ್ತು. ಹೋಗಿ ಎಂದು ಯಾರೂ ಹೇಳದಿದ್ದರೆ ಹೊರಡುವುದು ಎಷ್ಟು ಕಷ್ಟ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬಸ್ಸಿಗೆ ಕಾಯುವಾಗ ನಾದಿನಿಯ ಫೋನು ಬಂತು. ಹಗಲು ಹೊತ್ತು ಆಸ್ಪತ್ರೆಯಲ್ಲಿ ಅಕ್ಕನ ಪಕ್ಕ ಕೂರುವವಳು ಅವಳೇ.

"ಭಾವ, ಇವತ್ತು ಗುರುವಾರ."

"ನಮ್ಮನೇಲೂ ಕ್ಯಾಲೆಂಡರ್ ಇದೆ ಕಣಮ್ಮ."

"ತಮಾಷೆ ಬೇಡ. ನಾಳೆ ರೌಂಡ್ಸಿಗೆ ಬಂದಾಗ ಡಾಕ್ಟರು ತಾವೇ ಹೇಳಿಬಿಡ್ತಾರಂತೆ. ಇಷ್ಟು ದಿನ ನಿಮ್ಮ ಮುಖ ನೋಡಿ ಸುಮ್ಮನಿದ್ರಂತೆ. ನೀವು ಹೇಳ್ತೀರೋ, ಇಲ್ಲ ಬೇರೆಯವರ ಬಾಯಿಂದ ಕೇಳ್ಬೇಕೋ ಅವಳು?"

"ಇವತ್ತು ಸೂರ್ಯನ ಗತಿ ನೋಡಿ..."

"ಭಾವ." ಅವಳ ದನಿ ತಗ್ಗಿತು, ವಾರ್ಡಿನಿಂದ ಆಚೆ ಬಂದು ಮಾತಾಡುತ್ತಿದ್ದಳೆಂದು ಕಾಣುತ್ತದೆ. "ಅವಳು ನನಗೆ ಕಟಿಂಗ್ ಹೇಳ್ಕೊಡ್ತೀನಿ, ಅಂಗಡಿ ನನ್ನ ಕೈಗೆ ಕೊಡ್ತೀನಿ ಅಂತಾಳೆ. ಯಾವಾಗ ಅಂದ್ರೆ, ನಿಮ್ಮ ಭಾವನ ಸೂರ್ಯ ಸುಮ್ಮನಾಗ್ಲಿ, ಮನೆಗೆ ಹೋದ್ಮೇಲೆ ಅಂತಾಳೆ. ಇರೋ ದಿನಾನೂ ಆ ಮಂಚದ ಮೇಲೆ ಕಾಯ್ಕೊಂಡು ಕಳೀತಿದಾಳೆ. ಅವಳ ದಿನ ಅವು, ನಿಮ್ದಲ್ಲ."

ಬಸ್ಸು ಬಂತು ಎಂದು ಹೇಳಿ ಫೋನು ಇಟ್ಟೆ. ಬಸ್ಸು ಬಂದಿರಲಿಲ್ಲ.

ಸ್ಕ್ಯಾನಿನ ಕೋಣೆಗೂ ನನ್ನ ಕಲ್ಲಿನ ಕೋಣೆಗೂ ಒಂದೇ ಕಟ್ಟಳೆ. ಒಳಗೆ ಹೋಗುವ ಮುನ್ನ ಮೈಮೇಲಿನ ಕಬ್ಬಿಣವನ್ನೆಲ್ಲ ತೆಗೆಯಬೇಕು. ಕೆಲವು ವಾರಗಳ ಹಿಂದೆ, ಸ್ಕ್ಯಾನಿನ ದಿನ, ಬಾಗಿಲಲ್ಲಿ ನಿಂತಿದ್ದ ಹುಡುಗ ಪಾಠ ಒಪ್ಪಿಸುವ ಹಾಗೆ ವಾಚು, ಉಂಗುರ, ಕ್ಲಿಪ್ಪು ಎಂದು ಹೇಳುತ್ತಿದ್ದರೆ ನಾನು ಅಡ್ಡ ಬಾಯಿ ಹಾಕಿ, "ತಮ್ಮಾ, ಈ ವಿಷಯದಲ್ಲಿ ಭೂಮಂಡಲಕ್ಕೇ ಪಾಠ ಹೇಳಿದವನು ನಾನು" ಎಂದಿದ್ದೆ. ಹೆಂಡತಿ ಗಾಲಿಕುರ್ಚಿಯಲ್ಲಿ ಕೂತು ಓಲೆ ಬಿಚ್ಚಿದಳು, ಬಳೆ ಬಿಚ್ಚಿದಳು, ಕೊನೆಗೆ ಎರಡೂ ಕೈ ಎತ್ತಿ ತಲೆಯಿಂದ ಕಪ್ಪು ಹೇರ್‌ಪಿನ್ನುಗಳನ್ನು ಒಂದೊಂದಾಗಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಕೂದಲು ಒಮ್ಮೆಲೇ ಜಾರಿ ಭುಜಕ್ಕೆ ಬಿತ್ತು. "ನನ್ನನ್ನ ತಪಾಸಣೆ ಮಾಡೋರೂ ಇದ್ದಾರೆ ನೋಡಿ" ಎಂದು ನಕ್ಕಳು. ಪಿನ್ನುಗಳು ಅವಳ ತಲೆಯ ಬಿಸಿಯಲ್ಲಿ ಬೆಚ್ಚಗಿದ್ದವು. ಬಾಗಿಲು ಮುಚ್ಚಿತು. ಒಳಗಿನಿಂದ ಯಾರೋ ತಗಡು ಬಡಿಯುವಂಥ ಸದ್ದು ಬಹಳ ಹೊತ್ತು ಬಂತು. ಆಮೇಲೆ ಡಾಕ್ಟರು ನನ್ನೊಬ್ಬನನ್ನೇ ಕಿಟಕಿಯ ಹತ್ತಿರ ಕರೆದರು. ಅವರು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ಅವರ ಕೋಟಿನ ತೋಳಿನಲ್ಲಿ ಬಿಟ್ಟುಹೋಗಿದ್ದ ಹೊಲಿಗೆಯನ್ನು ನೋಡುತ್ತಿದ್ದೆ. ಅವಳಿಗೆ ಕೊಟ್ಟರೆ ಎರಡು ನಿಮಿಷದ ಕೆಲಸ ಎಂದುಕೊಳ್ಳುತ್ತಿದ್ದೆ. ಅವಳನ್ನು ಹೊರಗೆ ತಂದಾಗ, "ಏನಂದ್ರು?" ಎಂದಳು. ಆ ದಿನ ನಿಜಕ್ಕೂ ಒಂದು ಕಾಂತಬಿರುಗಾಳಿ ಎದ್ದಿತ್ತು. ಬೆಳಿಗ್ಗೆ ನಮ್ಮ ಯಂತ್ರದ ಗೆರೆ ಕುಸಿದಿದ್ದನ್ನು ಕಣ್ಣಾರೆ ಕಂಡು ಬಂದಿದ್ದೆ. ಬಾಯಿಗೆ ಅದೇ ಬಂತು. "ಸೂರ್ಯ ಕೆರಳಿದಾನೆ, ಸ್ಕ್ಯಾನು ಮಸುಕಾಗಿದೆಯಂತೆ. ನಿನ್ನ ಮೈ ಕೆಟ್ಟಿರೋದಕ್ಕೂ ಅದೇ ಕಾರಣ. ಅವನು ಸುಮ್ಮನಾದ್ಮೇಲೆ ಮತ್ತೆ ನೋಡ್ತಾರೆ." ಓಲೆ ಕೊಟ್ಟೆ, ಬಳೆ ಕೊಟ್ಟೆ. ಪಿನ್ನು ಎಲ್ಲಿ ಎಂದಳು. "ಕಳೆದುಹೋಯ್ತು ಕಣೇ" ಎಂದೆ. ಕಳೆದದ್ದು ಎಲ್ಲಿ, ಹೇಗೆ ಎಂದು ಕೇಳಲಿಲ್ಲ. ಸೀರೆಯಂಚಿನಿಂದ ಒಂದು ದಾರ ಎಳೆದು ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡಳು.

ಸೂರ್ಯನ ವಿಷಯದಲ್ಲಿ ನಾನು ಅವಳಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅವನ ಹೊಟ್ಟೆಯ ಭಾಗ ಬೇಗ ತಿರುಗುತ್ತದೆ, ತಲೆ ಮತ್ತು ಪಾದ ನಿಧಾನ. ಹಾಗಾಗಿ ಅವನ ಕಾಂತರೇಖೆಗಳು ಬಾಬಿನ್ನಿಗೆ ನೂಲು ಸುತ್ತಿದ ಹಾಗೆ ಸುತ್ತಿ ಸುತ್ತಿ ಬಿಗಿಯುತ್ತವೆ, ಗಂಟು ಬೀಳುತ್ತವೆ. ಗಂಟುಗಳು ಮೇಲೆದ್ದ ಕಡೆ ಕಪ್ಪು ಕಲೆ. ಒಮ್ಮೊಮ್ಮೆ ಗಂಟು ಪಟ್ಟನೆ ಹರಿದು ಸೂರ್ಯನ ಬಿಸಿಗಾಳಿಯ ಒಂದು ತುಣುಕೇ ನೂಲಿನ ಸಮೇತ ಹಾರಿ, ಎರಡು ಮೂರು ದಿನದಲ್ಲಿ ನಮ್ಮ ಮೇಲೆ ಬಂದು ಬೀಳುತ್ತದೆ. "ಬಿದ್ರೆ ಏನಾಗತ್ತೆ?" ಎಂದು ಅವಳು ದಿಂಬಿಗೊರಗಿ ಕೇಳಿದ್ದಳು. ಅದು ಹುಕ್ಕಿನ ಹಾಗೆ ಎಂದೆ. ಭೂಮಿಗೂ ತನ್ನದೇ ಕಾಂತಕವಚ ಇದೆ. ಬಂದ ನೂಲಿನ ದಿಕ್ಕು ಭೂಮಿಯ ದಿಕ್ಕಿನ ಹಾಗೇ ಉತ್ತರಕ್ಕಿದ್ದರೆ ಎರಡೂ ಹುಕ್ಕು ಒಂದೇ ಕಡೆ ಮುಖ ಮಾಡಿದ ಹಾಗೆ. ಸಿಕ್ಕಿಕೊಳ್ಳುವುದಿಲ್ಲ, ಎಷ್ಟೇ ಜೋರಾಗಿ ಬಂದರೂ ಪಕ್ಕದಲ್ಲಿ ಜಾರಿಹೋಗುತ್ತದೆ. ದಕ್ಷಿಣಕ್ಕಿದ್ದರೆ ಎದುರುಬದುರು. ಸಿಕ್ಕಿಕೊಂಡು, ಎಳೆದು, ಬಾಗಿಲು ತೆರೆದು, ಹೊರಗಿನದೆಲ್ಲ ಒಳಗೆ ನುಗ್ಗುತ್ತದೆ. ಆಗ ಇಲ್ಲಿ ನಮ್ಮ ಅಳತೆಗಳೆಲ್ಲ ಅಲ್ಲಾಡುತ್ತವೆ. ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಉತ್ತರ ದಕ್ಷಿಣಗಳೇ ಅದಲುಬದಲಾಗುತ್ತವೆ, ಆ ಕಾಲದಲ್ಲಿ ಗಂಟುಗಳು ಹೆಚ್ಚು, ಈಗ ಅದೇ ಕಾಲ. ಇಷ್ಟೂ ನಿಜ. ಅವಳು ಬೆರಳನ್ನು ಆಡಿಸದೆ ಕೇಳಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಜದ ಬಟ್ಟೆ ಮುಗಿದ ಮೇಲೂ ನಾನು ಹೊಲಿಯುತ್ತಲೇ ಹೋದೆ: ಕಾಯಿಲೆಯವರ ರಕ್ತದಲ್ಲೂ ಕಬ್ಬಿಣ ಇರುತ್ತದೆ, ಸೂರ್ಯ ಎಳೆದ ಹಾಗೆ ಅದೂ ಎಳೆಯುತ್ತದೆ, ಅದಕ್ಕೇ ನಿನಗೆ ಸುಸ್ತು, ಅದಕ್ಕೇ ನೋವು, ಧ್ರುವ ಬದಲಾಗಿ ಮುಗಿಯಲಿ, ನೀನು ಎದ್ದು ಕೂರುತ್ತೀ. ಬಾಯಿಯಿಂದ ಹೊರಬರುತ್ತಿದ್ದ ಹಾಗೇ ನನಗೆ ಗೊತ್ತಿತ್ತು ಇದು ಬುರುಡೆ ಎಂದು. ಜೀವಮಾನದಲ್ಲಿ ಬಿಟ್ಟ ಬುರುಡೆಗಳಲ್ಲಿ ಅವಳು ಏನನ್ನೂ ಕತ್ತರಿಸದೆ ಇಟ್ಟುಕೊಂಡದ್ದು ಇದೊಂದನ್ನೇ.

ನನ್ನ ಗ್ರಹಚಾರಕ್ಕೆ, ಆ ಬಿರುಗಾಳಿಯ ನಂತರ ಸೂರ್ಯ ಸುಮ್ಮನಾಗಿಬಿಟ್ಟ. ದಿನಾ ಸಂಜೆ ವಾರ್ಡಿಗೆ ಹೋದರೆ ಅವಳು ಕಣ್ಣಲ್ಲೇ ಕೇಳುತ್ತಿದ್ದಳು. ಸುಮ್ಮನಾದ ಎಂದರೆ ಡಾಕ್ಟರು ಬರಬೇಕು, ಸ್ಕ್ಯಾನು ನೋಡಬೇಕು, ಹೇಳಬೇಕು. ಸುಮ್ಮನಾಗಿಲ್ಲ ಎನ್ನಲು ನನಗೊಂದು ಆಧಾರ ಬೇಕಿತ್ತು. ನಾನು ಸುಳ್ಳುಗಾರ ನಿಜ, ಆದರೆ ಕಸುಬುದಾರ. ಅಳತೆಯಿಲ್ಲದೆ ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ. ಹಾಗಾಗಿ ಸೂರ್ಯನನ್ನೇ ಜೇಬಿಗೆ ಇಳಿಸಿಕೊಂಡೆ, ಆಗಲೇ ಹೇಳಿದೆನಲ್ಲ. ಆ ಗುರುವಾರವೂ ಕಲ್ಲಿನ ಕೋಣೆಯ ಮುಂದಿನ ಮರದ ಪೆಟ್ಟಿಗೆಯಲ್ಲಿ ಫೋನು, ಬೀಗದ ಕೈ, ಕನ್ನಡಕದ ಡಬ್ಬಿ ಎಲ್ಲವನ್ನೂ ಇಟ್ಟು, ಬರಿಗಾಲಲ್ಲಿ ಒಳಗೆ ಹೋದೆ. ಒಳಗೆ ಕಲ್ಲಿನ ಕಂಬದ ಮೇಲೆ ದೂರದರ್ಶಕ, ಅದರ ಬೆನ್ನಿಗೆ ಭೂಮಿಯ ಎಳೆತವನ್ನು ಮೂಸುವ ಬೆರಳುದ್ದದ ಒಂದು ಕೊಳವೆ. ಕೊಳವೆಯನ್ನು ಮೇಲೆ ಮಾಡಿ, ಕೆಳಗೆ ಮಾಡಿ, ಪೂರ್ವಕ್ಕೆ ತಿರುಗಿಸಿ, ಪಶ್ಚಿಮಕ್ಕೆ ತಿರುಗಿಸಿ, ಪ್ರತಿಸಲ ಕಣ್ಣು ನೆಟ್ಟು ಅಂಕಿ ಓದಬೇಕು. ಹಾಗೆ ಬಗ್ಗಿದಾಗ ಎದೆ ಹೆಚ್ಚುಕಡಿಮೆ ಯಂತ್ರಕ್ಕೆ ತಾಗುತ್ತದೆ. ತಣ್ಣಗಿನ ಕಲ್ಲಿನ ವಾಸನೆ. ನನ್ನ ಉಸಿರು ಬಿಟ್ಟರೆ ಸದ್ದಿಲ್ಲ. ಅಂಕಿ ಇರಬೇಕಾದಲ್ಲಿ ಇರಲಿಲ್ಲ; ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ನಿಂತಿತ್ತು. ಹಿಂದಕ್ಕೆ ವಾಲಿದರೆ ಅಂಕಿ ತನ್ನ ಜಾಗಕ್ಕೆ ಮರಳಿತು, ಬಗ್ಗಿದರೆ ಮತ್ತೆ ಸರಿಯಿತು. ಯಾರೋ ನನ್ನ ಎದೆಯೊಳಗಿಂದ ಬೆರಳು ಚಾಚಿ ಭೂಮಿಯನ್ನು ಮೆಲ್ಲಗೆ ಮುಟ್ಟಿದ ಹಾಗೆ. ಎಷ್ಟೋ ಹೊತ್ತು ಅದನ್ನೇ ಮಾಡುತ್ತಿದ್ದೆ. ಆ ಕೋಣೆಗೆ ಅವಳು ಒಮ್ಮೆಯೂ ಬಂದವಳಲ್ಲ. ಒಂದು ಸಲ ತೋರಿಸಿ ಎಂದು ಕೇಳಿದ್ದಳು. ನಿನ್ನ ಮೈಯೆಲ್ಲಾ ಸೂಜಿ, ನೀನು ಬಂದರೆ ಭೂಮಿಗೆ ಜ್ವರ ಬರುತ್ತದೆ ಎಂದು ನಗಾಡಿ ಬಿಟ್ಟಿದ್ದೆ. ಅವಳು ಬೇಲಿಯಾಚೆಯೇ ನಿಂತು ಹುಲ್ಲು ನೋಡಿ ಹೋಗಿದ್ದಳು.

ಹೊರಗೆ ಬಂದಾಗ ಪೆಟ್ಟಿಗೆಯ ಪಕ್ಕ ಚಿಕ್ಕ ಮೇಡಂ ನಿಂತಿದ್ದರು. ಹೊಸದಾಗಿ ಸೇರಿದ ವಿಜ್ಞಾನಿ, ನನ್ನ ಮಗಳ ವಯಸ್ಸು, ಮಗಳಿದ್ದಿದ್ದರೆ. ನನ್ನನ್ನು ಸೂರ್ಯನ ಅಳಿಯ ಎಂದು ಕರೆಯದವರು ಆಫೀಸಿನಲ್ಲಿ ಅವರೊಬ್ಬರೇ.

"ಸರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಳತೆಗೂ ಕೆಳಗಿನ ಮಷೀನಿನ ಅಳತೆಗೂ ವ್ಯತ್ಯಾಸ ಬರ್ತಿದೆ, ಕೆಲವು ವಾರದಿಂದ."

"ಮಷೀನಿಗೆ ವಯಸ್ಸಾಯ್ತು ಮೇಡಂ. ಸೂರ್ಯನ ಪೆಟ್ಟು ತಡೀತಿಲ್ಲ."

"ಸೂರ್ಯ ಸುಮ್ಮನೇ ಇದ್ದಾನೆ ಸರ್. ಅವನ ಗಾಳಿ ನಿಧಾನಕ್ಕೆ ಬೀಸ್ತಿದೆ, ದಿಕ್ಕೂ ಉತ್ತರಕ್ಕಿದೆ. ಬೇರೆ ಕಡೆ ಕೇಳಿದೆ, ಯಾರ ಹತ್ರಾನೂ ಏನೂ ಇಲ್ಲ. ನಿಮ್ಮ ಅಳತೆಯಲ್ಲಿ ಮಾತ್ರ." ಅವರು ನನ್ನ ಮುಖ ನೋಡದೆ ಪೆಟ್ಟಿಗೆಯ ಮುಚ್ಚಳವನ್ನು ನೋಡುತ್ತಿದ್ದರು. "ಸ್ವಲ್ಪ ಜೇಬು ತೋರಿಸ್ತೀರಾ?"

ಮೂವತ್ತು ವರ್ಷದ ಹಿಂದಿನ ಅದೇ ಹುಲ್ಲು, ಅದೇ ಜಾಗ. ಪ್ಯಾಂಟಿನ ಜೇಬುಗಳನ್ನು ಹೊರಗೆಳೆದು ನಾಯಿಯ ಕಿವಿಯ ಹಾಗೆ ಜೋತುಬಿಟ್ಟೆ. ನಗಲಿ ಎಂದು ಸ್ವಲ್ಪ ಹೆಚ್ಚಾಗಿಯೇ ಕುಣಿಸಿದೆ. ಅವರು ನಗಲಿಲ್ಲ. ಎಡಗೈ ತಾನಾಗಿಯೇ ಅಂಗಿಯ ಜೇಬಿಗೆ ಅಡ್ಡ ಹೋಗಿತ್ತು, ಬಸ್ಸಿನಲ್ಲಿ ಹೋಗುವ ಹಾಗೆ. ಅದನ್ನವರು ನೋಡಿಬಿಟ್ಟರು. ನಾನು ಬೆರಳು ಹಾಕಿ, ಒಳಪದರದ ತಳದಿಂದ, ಕಪ್ಪು ಹೇರ್‌ಪಿನ್ನುಗಳನ್ನು ತೆಗೆದು ಪೆಟ್ಟಿಗೆಯ ಮೇಲೆ ಇಟ್ಟೆ. ಒಂದಕ್ಕೆ ಒಂದೇ ಒಂದು ಉದ್ದನೆಯ ಕೂದಲು, ಅರ್ಧ ಬಿಳಿದು, ಸುತ್ತಿಕೊಂಡಿತ್ತು. ಅವರ ತುಟಿಯ ಮೇಲೆ ಚೇಷ್ಟೆಯದೊಂದು ನಗು ಎದ್ದಿತು, ಕೂದಲನ್ನು ಕಂಡದ್ದೇ ಇಳಿದುಹೋಯಿತು.

"ಅಮ್ಮಾವ್ರದಾ?"

"ಮರೆತುಬಿಟ್ಟೆ ಮೇಡಂ."

"ಒಂದು ಸಲ ಮರೀಬಹುದು ಸರ್." ಅವರು ಕೂದಲು ಜಾರದ ಹಾಗೆ ಪಿನ್ನುಗಳನ್ನು ಎತ್ತಿಕೊಟ್ಟರು, ನಾನು ಮತ್ತೆ ಎಡಜೇಬಿಗೇ ಹಾಕಿಕೊಂಡೆ. "ಈ ವಾರಗಳ ಅಳತೆ ತೆಗೆದುಹಾಕ್ತೀನಿ. ಕಾರಣ ಏನೂ ಬರೆಯಲ್ಲ. ನೀವು ಆಸ್ಪತ್ರೆಗೆ ಹೋಗಿ."

ದೊಡ್ಡವರು ಬೈದಿದ್ದಾಗ ಇಷ್ಟು ನಾಚಿಕೆಯಾಗಿರಲಿಲ್ಲ. ಮೇಡಂ ಹೇಳಿದ್ದು ಸರಿ. ಮೊದಲ ವಾರ ನಿಜವಾಗಿ ಮರೆತಿದ್ದೆ. ಬಾಗಿಲಲ್ಲಿ ಅಯಸ್ಕಾಂತ ಹಿಡಿದು ನಿಲ್ಲುವವಳು ಇರಲಿಲ್ಲ, ಅಷ್ಟೇ. ಅಂಕಿ ಸರಿದಾಗ ಆ ಕ್ಷಣವೇ ನನಗೆ ಕಾರಣ ಹೊಳೆದು ಕೈ ಜೇಬಿಗೆ ಹೋಗಿತ್ತು. ಹೊರಗೆ ಹೋಗಿ ಇಟ್ಟು ಬಂದು ಮತ್ತೆ ಅಳೆಯಬೇಕಿತ್ತು. ಅಳೆಯಲಿಲ್ಲ. ಆ ಸಂಜೆ, "ನನ್ನ ಕಣ್ಣಾರೆ ನೋಡಿದೆ ಕಣೇ, ಇನ್ನೂ ಅಲ್ಲಾಡ್ತಿದೆ" ಎಂದು ಅವಳ ಕೈ ಹಿಡಿದು ಹೇಳಿದೆ. ಅಳತೆಯ ಮಟ್ಟಿಗೆ ಅದು ಸುಳ್ಳಲ್ಲ. ಅಲ್ಲಿಂದ ಮುಂದೆ ದಿನಾ ಸ್ನಾನ ಮಾಡಿ ಅಂಗಿ ಬದಲಿಸುವಾಗ ಹಳೆಯ ಜೇಬಿನಿಂದ ಹೊಸ ಜೇಬಿಗೆ ಅವನ್ನು ನಾನೇ ದಾಟಿಸುತ್ತಿದ್ದೆ. ಕೊಟ್ಟುಬಿಟ್ಟರೆ ಅವಳು ಕೂದಲು ಬಿಗಿದು ಎದ್ದು ಕೂತು, ಸರಿ, ಸ್ಕ್ಯಾನು ಮುಗೀತಲ್ಲ, ಏನಂದ್ರು ಹೇಳಿ ಎನ್ನುತ್ತಾಳೆ. ಪಿನ್ನು ನನ್ನ ಹತ್ತಿರ ಇರುವವರೆಗೆ ಆ ಬಾಗಿಲು ಇನ್ನೂ ಮುಚ್ಚಿದೆ, ತಗಡಿನ ಸದ್ದು ಇನ್ನೂ ಬರುತ್ತಿದೆ, ಡಾಕ್ಟರು ಕಿಟಕಿಯ ಬಳಿ ಇನ್ನೂ ನನ್ನನ್ನು ಕರೆದಿಲ್ಲ.

ವಾರ್ಡಿನ ಉದ್ದದ ಕಿಟಕಿಗಳಲ್ಲಿ ಮಧ್ಯಾಹ್ನದ ಬಿಸಿಲು ಮಂಚದಿಂದ ಮಂಚಕ್ಕೆ ಬಿದ್ದಿತ್ತು. ಅವಳು ಯಾರದೋ ಮಗುವಿನ ಫ್ರಾಕಿನ ಅಂಚು ಮಡಿಚುತ್ತಿದ್ದಳು. ಬೆರಳು ಸಣ್ಣಗಾಗಿ ಬೆರಳುಗವಸು ಜಾರುತ್ತಿತ್ತು, ಒಳಗೆ ಹತ್ತಿ ತುರುಕಿದ್ದಳು. ನಾದಿನಿ ನನ್ನನ್ನು ಕಂಡು ಎದ್ದು, "ಕಾಫಿ ಕುಡಿದು ಬರ್ತೀನಿ ಭಾವ, ನಿಧಾನಕ್ಕೆ ಬರ್ತೀನಿ" ಎಂದು ಒತ್ತಿ ಹೇಳಿ ಹೋದಳು. ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಸ್ಟೂಲು ಎಳೆದು ಕೂತೆ.

"ಇವತ್ತೇನು ಹೊತ್ತಿಗೆ ಮುಂಚೆ?"

"ಏನು ಹೇಳ್ಲಿ. ಇವತ್ತಂತೂ ನಿಮ್ಮಪ್ಪನಾಣೆ ಸೂರ್ಯ ಹುಚ್ಚೆದ್ದು ಕುಣೀತಿದಾನೆ. ಯಂತ್ರದ ಗೆರೆ ಕಾಗದದಿಂದ ಹೊರಗೇ ಹೋಯ್ತು. ಚಿಕ್ಕ ಮೇಡಂ ಹೆದರಿ ಅತ್ತುಬಿಟ್ರು. ನಾನು ಅಂದೆ, ಮೇಡಂ, ನಾನಿದೀನಿ, ನೀವು..." ನನ್ನ ನಾಲಿಗೆ ಓಡುತ್ತಿತ್ತು, ನಾನು ಅದರ ಹಿಂದೆ ಓಡುತ್ತಿದ್ದೆ.

"ಏಳಿ" ಎಂದಳು. "ಎಷ್ಟು ದಿನ ಆಯ್ತು ನಿಮ್ಮನ್ನ ತಪಾಸಣೆ ಮಾಡಿ. ಕೈ ಎತ್ತಿ."

ದಿಂಬಿನ ಕೆಳಗಿಂದ ಲಾಳದಾಕಾರದ ಅಯಸ್ಕಾಂತ ತೆಗೆದಳು. ಸೂಜಿ ನೆಲಕ್ಕೆ ಬಿದ್ದು ನರ್ಸು ಬೈದಳಂತೆ, ತಂಗಿಯ ಕೈಲಿ ಮನೆಯಿಂದ ತರಿಸಿಕೊಂಡಿದ್ದಳು. ನಾನು ನಗುತ್ತಾ ಎದ್ದೆ, ಪಕ್ಕದ ಮಂಚದವರು ನೋಡಲಿ ಎಂದು ಕೈಯನ್ನು ಇನ್ನಷ್ಟು ಮೇಲೆತ್ತಿದೆ. ನೆನಪಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಭುಜ, ಕಾಲರು. ಎಡಜೇಬಿನ ಹತ್ತಿರ ಬಂದದ್ದೇ ಬಟ್ಟೆ ಮುಂದಕ್ಕೆ ಹಾರಿ, ಟಕ್ಕೆಂದು ಅಯಸ್ಕಾಂತಕ್ಕೆ ಅಂಟಿಕೊಂಡಿತು. ಅವಳು ಎಳೆದರೆ ಅಂಗಿಯೂ ಬಂತು, ಅಂಗಿಯ ಜೊತೆ ನಾನೂ ಬಗ್ಗಿದೆ. ಎರಡು ಬೆರಳು ಒಳಗೆ ಹಾಕಿ ತೆಗೆದಳು. ಅಂಗೈ ಮೇಲೆ ಹರಡಿಕೊಂಡು ನೋಡಿದಳು.

"ಕಳೆದುಹೋಯ್ತು ಅಂದಿದ್ರಿ."

ನಾನು ಕೂತೆ.

"ಇವನ್ನ ಇಟ್ಕೊಂಡೇ ಆ ಕೋಣೆಗೆ ಹೋಗ್ತಿದ್ರಾ?"

"ಹ್ಞೂಂ."

"ಹಾಗಾದ್ರೆ ಅಲ್ಲಾಡ್ತಿದ್ದದ್ದು ಇವುಗಳಿಂದ. ಅವನಿಂದ ಅಲ್ಲ." ಅವಳು ಕಿಟಕಿಯ ಕಡೆ ಗದ್ದದಿಂದ ತೋರಿಸಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಮೂವತ್ತು ವರ್ಷ ನನ್ನನ್ನು ಆ ಕೋಣೆಗೆ ಯೋಗ್ಯನನ್ನಾಗಿ ಮಾಡಿ ಕಳಿಸಿದವಳು ಅವಳೇ.

"ಸೂರ್ಯ ಸುಮ್ಮನಿದಾನೆ" ಎಂದೆ. "ಯಾವತ್ತೋ ಸುಮ್ಮನಾದ. ಅವನಿಗೂ ನಿನ್ನ ಕಾಯಿಲೆಗೂ ಏನೂ ಇಲ್ಲ. ಸ್ಕ್ಯಾನು ಮಸುಕಾಗಿರ್ಲಿಲ್ಲ. ಸ್ಪಷ್ಟವಾಗೇ ಇತ್ತು."

ಅವಳು ಪಿನ್ನಿಗೆ ಸುತ್ತಿದ್ದ ಕೂದಲನ್ನು ಬಿಡಿಸುತ್ತಿದ್ದಳು. ಬಿಡಿಸಿ, ಫ್ರಾಕಿನ ಮೇಲೆ ಬೀಳದ ಹಾಗೆ ಬದಿಗಿಟ್ಟಳು. ಆಮೇಲೆ ಕೂದಲಿನ ದಾರ ಕಿತ್ತು, ಒಂದು ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ ತೆರೆದು ಕಿವಿಯ ಹಿಂದೆ ಸಿಕ್ಕಿಸಿದಳು, ಇನ್ನೊಂದನ್ನು ಆಚೆ ಕಡೆ. ಸಣ್ಣಗಾದ ಬೆರಳಿಗೆ ಪಿನ್ನು ನಿಲ್ಲದೆ ಬಹಳ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಚಾಚಿದ ಕೈಯನ್ನು ಮೊಣಕೈಯಿಂದ ಸರಿಸಿದಳು.

"ಈಗ ಹೇಳಿ. ಡಾಕ್ಟರು ಏನಂದ್ರು?"

"ಇನ್ನು ಮಾಡೋದು ಏನೂ ಇಲ್ಲ ಅಂದ್ರು. ನೋವಿಗೆ ಮಾತ್ರೆ ಕೊಡ್ತಾರೆ. ಮನೆಗೆ ಕರ್ಕೊಂಡು ಹೋಗಬಹುದು ಅಂದ್ರು, ಅವತ್ತೇ. ಕೆಲವು ತಿಂಗಳು ಅಂದಿದ್ರು. ಅದರಲ್ಲಿ ಇಷ್ಟು ವಾರ ನಾನು..."

ಬಿಸಿಲು ಅವಳ ಮಂಚ ಬಿಟ್ಟು ಪಕ್ಕದ ಮಂಚಕ್ಕೆ ಸರಿದಿತ್ತು. ಅವಳು ಬಲಗೈ ಎತ್ತಿ, ತೋರುಬೆರಳನ್ನೂ ನಡುಬೆರಳನ್ನೂ ಅಗಲಿಸಿ, ಕತ್ತರಿಯ ಬಾಯಿಯನ್ನು ನಮ್ಮಿಬ್ಬರ ನಡುವೆ ಹಾಗೇ ತೆರೆದು ಹಿಡಿದಳು.

"ಇದರಲ್ಲಿ ಎಷ್ಟು ತೆಗೀಲಿ?"

ಅರ್ಧ ಎನ್ನಬಹುದಿತ್ತು. ಆಸೆಯಿಂದ ಕೇಳುತ್ತಿದ್ದಳು, ಅದು ನನಗೆ ಕಾಣುತ್ತಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಹೆಚ್ಚು ಮಾಡಿ ಹೇಳಿರಲಿ ಎಂದು ಆಸೆಪಟ್ಟಿದ್ದಳು.

"ತೆಗೆಯೋದು ಏನೂ ಇಲ್ಲ" ಎಂದೆ. "ಇದ್ದಷ್ಟೇ ಹೇಳಿದೀನಿ."

ಎರಡು ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲಿ ತೆರೆದೇ ಇದ್ದವು. ಆಮೇಲೆ, ಏನನ್ನೂ ಕತ್ತರಿಸದೆ, ಮೆಲ್ಲಗೆ ಮುಚ್ಚಿಕೊಂಡವು.